ಹೊಸ ಆಂಟಿವೈರಸ್ ಹಾಕುವ ಮುನ್ನ: ಮನೆ ಕಂಪ್ಯೂಟರಿನ ದೋಷ ನಿವಾರಣೆ ಕೈಪಿಡಿ

ಕಂಪ್ಯೂಟರ್ ನಿಧಾನವಾಯಿತು, ಏನೇನೋ ಎಚ್ಚರಿಕೆ ಬರುತ್ತಿದೆ, ಬ್ರೌಸರ್ ಹೇಳಿದ ಕಡೆ ಹೋಗುತ್ತಿಲ್ಲ ಎಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಇನ್ನೊಂದು ಆಂಟಿವೈರಸ್ ಹಾಕಿಕೊಳ್ಳುವುದು. ಇದರಿಂದ ತೊಂದರೆ ಕಡಿಮೆಯಾಗುವ ಬದಲು ಹೆಚ್ಚುವುದೇ ಜಾಸ್ತಿ. ಯಾವ ಲಕ್ಷಣ ಯಾವ ಕಾರಣದಿಂದ ಬಂದಿದೆ ಎಂದು ಗೊತ್ತಾದ ಮೇಲೆ, ಹೊಸ ರಕ್ಷಣಾ ಸಾಫ್ಟ್‌ವೇರ್ ಬೇಕೇ, ಬೇಕಾದರೆ ಎಂಥದ್ದು ಎಂಬ ಪ್ರಶ್ನೆ ಸುಲಭವಾಗಿ ಬಗೆಹರಿಯುತ್ತದೆ. ಇಲ್ಲಿರುವುದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುವ ಕ್ರಮ. ಪ್ರತಿ ಲಕ್ಷಣದಲ್ಲೂ ದುಡ್ಡು ಬೇಡದ, ಐದು ನಿಮಿಷದಲ್ಲಿ ಮುಗಿಯುವ ಪರೀಕ್ಷೆಗಳು ಮೊದಲು, ಕಷ್ಟದವು ಆಮೇಲೆ.

ಕೈ ಹಾಕುವ ಮುನ್ನ ಮೂರು ಎಚ್ಚರಿಕೆ. ಅನುಮಾನ ಬಂದ ಕಂಪ್ಯೂಟರಿನಲ್ಲಿ, ಅನುಮಾನ ತೀರುವವರೆಗೆ ಬ್ಯಾಂಕಿನ ಕೆಲಸ ಮಾಡಬೇಡಿ, ಹೊಸ ಪಾಸ್‌ವರ್ಡ್ ಟೈಪ್ ಮಾಡಬೇಡಿ. ಬೇಕಾದ ಉಪಕರಣಗಳನ್ನು ತಯಾರಕರ ಸೈಟಿನ ವಿಳಾಸ ನೀವೇ ಟೈಪ್ ಮಾಡಿ ಇಳಿಸಿಕೊಳ್ಳಿ, ಏಕೆಂದರೆ ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಜಾಹೀರಾತುಗಳ ನಡುವೆ ನಕಲಿ ಪುಟಗಳೂ ಇರುತ್ತವೆ. ಮೂರನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿನ ಮಾಹಿತಿಗೆ ಬೀಗ ಹಾಕಿಡುವ ವಿಂಡೋಸಿನ ಸೌಲಭ್ಯ. ಡಿಸ್ಕ್ ಬಿಟ್‌ಲಾಕರಿನಿಂದ ಲಾಕ್ ಆಗಿದ್ದರೆ, ಸೇಫ್ ಮೋಡ್‌ಗೆ (ಅಗತ್ಯ ಭಾಗಗಳಷ್ಟೇ ಓಡುವ ವಿಂಡೋಸಿಗೆ) ಹೋಗುವಾಗ ಅಥವಾ ರಿಪೇರಿ ಮೆನು ತೆರೆಯುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹೆಚ್ಚಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಹುಡುಕಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಲಕ್ಷಣ: "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದೆ

ಮೊದಲು ಆ ಎಚ್ಚರಿಕೆ ಎಲ್ಲಿಂದ ಬರುತ್ತಿದೆ ನೋಡಿ. ಪರದೆಯ ಬಲ ಕೆಳಮೂಲೆಯಲ್ಲಿ ಪುಟ್ಟ ಪೆಟ್ಟಿಗೆ ಬಂದರೆ ಅದರಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಕ್ರೋಮ್ ಅಥವಾ ಎಡ್ಜ್ ಎಂದಿದ್ದು, ಜೊತೆಗೆ ಯಾವುದೋ ಗುರುತಿಲ್ಲದ ಸೈಟಿನ ಹೆಸರಿದ್ದರೆ ಅದು ಆಂಟಿವೈರಸ್ ಕೊಟ್ಟ ಎಚ್ಚರಿಕೆಯಲ್ಲ. ಎಂದೋ ಒಂದು ಸೈಟಿನಲ್ಲಿ "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದದ್ದನ್ನು ನಂಬಿ ಒತ್ತಿದ್ದರ ಫಲ. ಆ ಸೈಟಿಗೆ ಸೂಚನೆ ಕಳಿಸುವ ಅನುಮತಿ ಸಿಕ್ಕಿದೆ, ಅಷ್ಟೇ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಹೋಗಿ, ಅನುಮತಿ ಪಡೆದ ಸೈಟುಗಳ ಪಟ್ಟಿಯಲ್ಲಿ ನಿಮಗೆ ಪರಿಚಯವಿಲ್ಲದವನ್ನೆಲ್ಲ ತೆಗೆಯಿರಿ. ಎಡ್ಜ್, ಫೈರ್‌ಫಾಕ್ಸ್‌ಗಳಲ್ಲೂ ಇಂಥದೇ ಪಟ್ಟಿ ಇದೆ. ಎಚ್ಚರಿಕೆಗಳು ಅಲ್ಲಿಗೆ ನಿಂತುಹೋದರೆ ಸಾಫ್ಟ್‌ವೇರ್ ಕೊಳ್ಳುವ ಅಗತ್ಯವೇ ಇರಲಿಲ್ಲ ಎಂದರ್ಥ.

ಪರದೆ ತುಂಬ ಕೆಂಪು ಪುಟ, ಜೋರಾಗಿ ಸೈರನ್, ಜೊತೆಗೆ "ಈ ನಂಬರಿಗೆ ಕರೆ ಮಾಡಿ" ಎಂದು ಬಂದರೆ ಅದು ಮೋಸ. ಮೈಕ್ರೋಸಾಫ್ಟಿನ ನಿಜವಾದ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಪುಟ ಚಿಕ್ಕದಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರಿನ ಮೇಲೆ ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ಮರಳಿ ತರಲೇ" ಎಂದು ಕೇಳಿದರೆ ಬೇಡ ಎನ್ನಿ.

ಇಲ್ಲಿ ನಿಲ್ಲಿಸಿ ಸಹಾಯ ಪಡೆಯಬೇಕಾದ ಹಂತ: ಆ ನಂಬರಿಗೆ ಕರೆ ಮಾಡಿಯಾಗಿದೆ, ಅವರು ಹೇಳಿದಂತೆ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರನಿಯಂತ್ರಣದ ಪ್ರೋಗ್ರಾಂ ಹಾಕಿಯಾಗಿದೆ ಎಂದಾದರೆ ತಕ್ಷಣ ಇಂಟರ್ನೆಟ್ ಕಡಿದುಹಾಕಿ. ಕಾರ್ಡಿನ ಹಿಂಬದಿಯಲ್ಲೋ ಪಾಸ್‌ಬುಕ್ಕಿನಲ್ಲೋ ಇರುವ ಸಂಖ್ಯೆಗೆ ಬೇರೆ ಫೋನಿನಿಂದ ಕರೆ ಮಾಡಿ ಬ್ಯಾಂಕಿಗೆ ತಿಳಿಸಿ. ಸ್ಕ್ಯಾನ್ ಮಾಡುವುದು ಆಮೇಲಿನ ಮಾತು.

ಲಕ್ಷಣ: ರಕ್ಷಣೆ ಆಫ್ ಆಗಿದೆ ಎಂಬ ಕೆಂಪು ಗುರುತು

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆಯಿರಿ. ಕೆಳಗಿನ ಸೆಟ್ಟಿಂಗ್ಸ್ ಒಳಗೆ ಮ್ಯಾನೇಜ್ ಪ್ರೊವೈಡರ್ಸ್ ಎಂಬ ಕೊಂಡಿ ಇದೆ. ಈ ಕಂಪ್ಯೂಟರನ್ನು ಈಗ ಕಾಯುತ್ತಿರುವುದು ಯಾವ ಪ್ರೋಗ್ರಾಂ ಎಂಬುದು ಅಲ್ಲಿ ಕಾಣುತ್ತದೆ.

ಹೊಸ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕಾಣುವ ಕಾರಣ ಒಂದೇ. ತಯಾರಕರು ಮೊದಲೇ ಹಾಕಿಕೊಟ್ಟ ಪ್ರಯೋಗದ ಅವಧಿಯ ಆಂಟಿವೈರಸ್ ಮುಗಿದಿರುತ್ತದೆ. ಬೇರೆ ಆಂಟಿವೈರಸ್ ನೋಂದಾಯಿಸಿಕೊಂಡಾಗ ವಿಂಡೋಸಿನ ಸ್ವಂತ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅವಧಿ ಮುಗಿದ ಪ್ರೋಗ್ರಾಂ ಹೆಸರಿಗೆ ಕೂತಿರುತ್ತದೆ, ಹೊಸ ಅಪಾಯಗಳ ಪಟ್ಟಿ ಅದಕ್ಕೆ ಬರುತ್ತಿರುವುದಿಲ್ಲ. ಹಣ ಕೊಟ್ಟು ನವೀಕರಿಸುವ ಇರಾದೆ ಇಲ್ಲದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಸಾಲದು: ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವಾಗ ಶಟ್‌ಡೌನ್ ಮಾಡಿದರೆ ವಿಂಡೋಸಿನ ತಿರುಳು ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ರೀಸ್ಟಾರ್ಟ್ ಆದಮೇಲೆ ಡಿಫೆಂಡರ್ ತಾನೇ ಎದ್ದು ನಿಲ್ಲಬೇಕು.

ಎದ್ದು ನಿಲ್ಲದಿದ್ದರೆ ಹಳೆಯ ಆಂಟಿವೈರಸ್ಸಿನ ಚೂರುಗಳು ಉಳಿದಿವೆ. ಹೆಚ್ಚಿನ ತಯಾರಕರು ತಮ್ಮ ಪ್ರೋಗ್ರಾಂ ಬುಡಸಮೇತ ತೆಗೆಯಲೆಂದೇ ಪ್ರತ್ಯೇಕ ಉಪಕರಣ ಕೊಡುತ್ತಾರೆ. ಅವರ ಸೈಟಿನಿಂದ ಅದನ್ನು ಇಳಿಸಿ ಓಡಿಸಿ.

ಇನ್ನೊಂದು ಸೂಚನೆ ಹೆಚ್ಚು ಗಂಭೀರ. ರಿಯಲ್-ಟೈಮ್ ಪ್ರೊಟೆಕ್ಷನ್ ಸ್ವಿಚ್ ಮಂಕಾಗಿದ್ದು, "ಈ ಸೆಟ್ಟಿಂಗನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಎಂಬ ಅರ್ಥದ ಸಾಲು ಕಾಣುತ್ತಿದೆಯೇ? ಕಚೇರಿಯವರು ಕೊಟ್ಟ ಯಂತ್ರವಾದರೆ ಅದು ಸಹಜ. ಸ್ವಂತ ಮನೆಯ ಯಂತ್ರದಲ್ಲಿ ಹೀಗೆ ಬಂದರೆ ಯಾವುದೋ ಪ್ರೋಗ್ರಾಂ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಸೆಟ್ಟಿಂಗುಗಳ ಭಂಡಾರದಲ್ಲಿ, ರಕ್ಷಣೆ ಆಫ್ ಮಾಡುವ ನಿಯಮ ಬರೆದಿದೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ನಕಲಿ ಆ್ಯಕ್ಟಿವೇಟರ್, ವಿಂಡೋಸನ್ನು "ಹಗುರ" ಮಾಡುವ ಉಪಕರಣಗಳು ಈ ಕೆಲಸ ಮಾಡುತ್ತವೆ. ಮಾಲ್‌ವೇರ್ (ವೈರಸ್‌ನಂಥ ಕೇಡಿನ ಪ್ರೋಗ್ರಾಂ) ಕೂಡ ಮಾಡುತ್ತದೆ. ರಿಜಿಸ್ಟ್ರಿ ತಿದ್ದಿ ಅಭ್ಯಾಸವಿಲ್ಲದವರು ಅಲ್ಲಿಗೆ ಕೈ ಹಾಕದೆ, ಮುಂದೆ ಹೇಳುವ ಆಫ್‌ಲೈನ್ ಸ್ಕ್ಯಾನ್ ಮಾಡಿ. ಅದು ಮುಗಿದ ಮೇಲೂ ಸ್ವಿಚ್ ಮಂಕಾಗಿಯೇ ಇದ್ದರೆ ತಂತ್ರಜ್ಞರಿಗೆ ಒಪ್ಪಿಸಿ.

ಇದೇ ಪುಟದಲ್ಲಿರುವಾಗ ಎರಡು ಜಾಗ ನೋಡಿಕೊಳ್ಳಿ. ರಕ್ಷಣೆಯ ಸೆಟ್ಟಿಂಗುಗಳನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇರಬೇಕು. ಸ್ಕ್ಯಾನಿನಿಂದ ಬಿಟ್ಟುಬಿಡುವ ಜಾಗಗಳ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ನೀವೇ ಹಾಕಿರದ ಫೋಲ್ಡರ್ ಯಾವುದೂ ಇರಬಾರದು. ಇಡೀ ಸಿ ಡ್ರೈವ್ ಅಥವಾ ತಾತ್ಕಾಲಿಕ ಫೈಲುಗಳ ಫೋಲ್ಡರ್ ಅಲ್ಲಿದ್ದರೆ, ಆಂಟಿವೈರಸ್ ಆನ್ ಇದ್ದೂ ಕಣ್ಣು ಮುಚ್ಚಿಕೊಂಡಿದೆ. ಅನುಭವಸ್ಥರೂ ಈ ಪಟ್ಟಿ ನೋಡಲು ಮರೆಯುತ್ತಾರೆ. ಮಾಲ್‌ವೇರ್ ಬರೆಯುವವರು ಮರೆಯುವುದಿಲ್ಲ.

ಲಕ್ಷಣ: ಕಂಪ್ಯೂಟರ್ ವಿಪರೀತ ನಿಧಾನ

ಈ ಒಂದು ಲಕ್ಷಣಕ್ಕೆ ಹತ್ತು ಕಾರಣಗಳಿರಬಹುದು, ವೈರಸ್ ಅದರಲ್ಲಿ ಒಂದು. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಕಾಲಮ್‌ಗಳಲ್ಲಿ ಯಾವುದು ತುಂಬಿಹೋಗಿದೆ ನೋಡಿ. ಕಾಲಮ್‌ನ ಹೆಸರಿನ ಮೇಲೆ ಒತ್ತಿದರೆ ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ.

ಮೇಲೆ ಬಂದದ್ದು ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್ ಆಗಿದ್ದರೆ ಅದು ಡಿಫೆಂಡರ್, ಸ್ಕ್ಯಾನ್ ಮಾಡುತ್ತಿದೆ. ಚಾರ್ಜರ್ ಹಾಕಿ ಒಂದೆರಡು ಗಂಟೆ ಸುಮ್ಮನೆ ಬಿಟ್ಟರೆ ಮುಗಿಸಿಕೊಳ್ಳುತ್ತದೆ. ದಿನವಿಡೀ ಹಾಗೇ ಇದ್ದರೆ ಕಾರಣ ಹುಡುಕಬೇಕು: ಸಾವಿರಾರು ಸಣ್ಣ ಫೈಲುಗಳಿರುವ ದೊಡ್ಡ ಜಿಪ್, ಸದಾ ಬರೆಯುತ್ತಿರುವ ಟೊರೆಂಟ್, ಅಥವಾ ಎರಡನೆಯ ಆಂಟಿವೈರಸ್.

ಎರಡು ಆಂಟಿವೈರಸ್ ಒಟ್ಟಿಗೆ ಯಾಕೆ ಕೂಡದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವುದೇ ಫೈಲ್ ತೆರೆಯುವಾಗ ವಿಂಡೋಸ್ ಮತ್ತು ಡಿಸ್ಕಿನ ನಡುವೆ ನಿಂತು ಪರೀಕ್ಷಿಸುವ ಡ್ರೈವರ್ ಪ್ರತಿ ಆಂಟಿವೈರಸ್ಸಿಗೂ ಇರುತ್ತದೆ. ಎರಡಿದ್ದರೆ ಒಂದು ಫೈಲ್ ತೆರೆದಾಗ ಇನ್ನೊಂದು ಅದನ್ನೇ ತಡೆದು ಪರೀಕ್ಷಿಸುತ್ತದೆ, ಆ ಪರೀಕ್ಷೆಯನ್ನು ಮೊದಲಿನದು ಮತ್ತೆ ಪರೀಕ್ಷಿಸುತ್ತದೆ. ಒಂದರ ವೈರಸ್ ಪಟ್ಟಿಯನ್ನೋ ಬಂಧಿಸಿಟ್ಟ ಫೈಲುಗಳನ್ನೋ ಇನ್ನೊಂದು ನಿಜವಾದ ವೈರಸ್ ಎಂದು ಹಿಡಿಯುವುದೂ ಉಂಟು. ಫಲವಾಗಿ ಯಂತ್ರ ತಡವರಿಸುತ್ತದೆ, ಕೆಲವೊಮ್ಮೆ ಪೂರ್ತಿ ನಿಂತೇಹೋಗುತ್ತದೆ. ಸದಾ ಕಾವಲಿರುವ ಆಂಟಿವೈರಸ್ ಒಂದೇ ಸಾಕು. ಎರಡನೆಯ ಅಭಿಪ್ರಾಯ ಬೇಕಾದಾಗ ಮಾತ್ರ ಓಡಿಸುವ ಸ್ಕ್ಯಾನರ್ ಬಳಸಿ: ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್, ಇಸೆಟ್ ಆನ್‌ಲೈನ್ ಸ್ಕ್ಯಾನರ್, ಜಾಹೀರಾತು ಕಸಕ್ಕೆ ಆ್ಯಡ್‌ಡಬ್ಲ್ಯೂಕ್ಲೀನರ್. ಇವು ಕಾವಲು ಕೂರುವುದಿಲ್ಲ, ಆದ್ದರಿಂದ ಜಗಳವಿಲ್ಲ. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಅವಧಿ ಮುಗಿಸುತ್ತದೆ, ಬೇಕಾದಾಗ ಹೊಸದಾಗಿ ಇಳಿಸಿಕೊಳ್ಳಬೇಕು.

ಡಿಸ್ಕ್ ಕಾಲಮ್ 100 ಶೇಕಡಾ ತೋರಿಸುತ್ತಿದ್ದು, ಸಿಪಿಯು ಖಾಲಿ ಇದ್ದರೆ ಆಂಟಿವೈರಸ್ ಮೇಲೆ ತಪ್ಪು ಹೊರಿಸುವ ಮುನ್ನ ಡಿಸ್ಕನ್ನೇ ಅನುಮಾನಿಸಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಕಿವಿಗೊಟ್ಟು ಕೇಳಿ. ಟಿಕ್ ಟಿಕ್ ಸದ್ದು, ಫೋಲ್ಡರ್ ತೆರೆಯಲು ಅರ್ಧ ನಿಮಿಷ, ಕೆಲವು ಫೈಲುಗಳ ಕಾಪಿ ನಡುವೆಯೇ ನಿಲ್ಲುವುದು, ಇವೆಲ್ಲ ಡಿಸ್ಕ್ ಸಾಯುತ್ತಿರುವ ಚಿಹ್ನೆ. ಇಂಥ ಡಿಸ್ಕಿನ ಮೇಲೆ ಫುಲ್ ಸ್ಕ್ಯಾನ್ ಓಡಿಸಲೇಬೇಡಿ. ಗಂಟೆಗಟ್ಟಲೆ ಓದಿಸುವುದರಿಂದ ಉಳಿದ ಆಯಸ್ಸೂ ಮುಗಿಯುತ್ತದೆ. ಬೇಕಾದ ಫೈಲುಗಳನ್ನು ಮೊದಲು ಹೊರಗೆ ತೆಗೆಯಿರಿ.

ಇನ್ನೊಂದು ಲಕ್ಷಣ ಗಮನ ಬೇಡುತ್ತದೆ. ಕಂಪ್ಯೂಟರ್ ಮುಟ್ಟದೆ ಇದ್ದಾಗ ಫ್ಯಾನ್ ಜೋರಾಗಿ ತಿರುಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಕೆಲವೇ ಕ್ಷಣದಲ್ಲಿ ಸದ್ದು ಇಳಿಯುತ್ತದೆ, ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ. ಮುಚ್ಚಿದರೆ ಮತ್ತೆ ಏರುತ್ತದೆ. ಕದ್ದು ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ಕೆಲವು ಪ್ರೋಗ್ರಾಂಗಳು ಹೀಗೆಯೇ ಟಾಸ್ಕ್ ಮ್ಯಾನೇಜರ್ ಕಂಡರೆ ಅಡಗುತ್ತವೆ. ಒಮ್ಮೆ ಹಾಗಾದರೆ ಕಾಕತಾಳೀಯ. ಮೂರು ನಾಲ್ಕು ಸಲ ಹಾಗೆಯೇ ಆದರೆ ಆಫ್‌ಲೈನ್ ಸ್ಕ್ಯಾನಿಗೆ ಹೋಗಿ.

ಲಕ್ಷಣ: ಬ್ರೌಸರ್ ಬೇರೆ ಕಡೆಗೆ ಕರೆದೊಯ್ಯುತ್ತಿದೆ

ಹುಡುಕಿದ್ದು ಒಂದು, ತೆರೆದದ್ದು ಇನ್ನೊಂದು. ಮುಖಪುಟ ತಾನಾಗಿ ಬದಲಾಗಿದೆ. ಮೊದಲ ಅನುಮಾನ ಎಕ್ಸ್‌ಟೆನ್ಷನ್‌ಗಳ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳ) ಮೇಲೆ. ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ಯಾವುದನ್ನು ಆನ್ ಮಾಡಿದಾಗ ತೊಂದರೆ ಮರಳುತ್ತದೋ ಅದನ್ನು ಕಿತ್ತುಹಾಕಿ. ಹಿಂದೆ ಒಳ್ಳೆಯದಾಗಿದ್ದ ಎಕ್ಸ್‌ಟೆನ್ಷನ್ ಕೈ ಬದಲಾಗಿ ಕೆಟ್ಟದ್ದಾಗಿರಲೂಬಹುದು, ಆದ್ದರಿಂದ ಹಳೆಯದೆಂದು ರಿಯಾಯಿತಿ ಕೊಡಬೇಡಿ.

ಅಲ್ಲಿ ಸಿಗದಿದ್ದರೆ ಅದೇ ವೈ-ಫೈಗೆ ಸೇರಿಸಿದ ಮೊಬೈಲಿನಲ್ಲಿ ಅದೇ ಸೈಟ್ ತೆರೆದು ನೋಡಿ. ಮೊಬೈಲೂ ದಾರಿ ತಪ್ಪಿದರೆ ದೋಷ ಕಂಪ್ಯೂಟರಿನಲ್ಲಿಲ್ಲ, ರೌಟರಿನಲ್ಲಿದೆ: ಸೈಟಿನ ಹೆಸರಿಗೆ ಅದರ ಸಂಖ್ಯಾ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ಯಾರೋ ಬದಲಿಸಿದ್ದಾರೆ. ಯಾವ ಆಂಟಿವೈರಸ್ ಕೊಂಡರೂ ಇದು ಸರಿಹೋಗದು. ಇಂಟರ್ನೆಟ್ ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಂಡ ಮೇಲೆ ಹಿಂಭಾಗದ ರೀಸೆಟ್ ರಂಧ್ರವನ್ನು ಪಿನ್ನಿನಿಂದ ಸುಮಾರು 10 ಸೆಕೆಂಡ್ ಒತ್ತಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರೌಟರಿನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ.

ಮೊಬೈಲ್ ಸರಿಯಿದ್ದು ಕಂಪ್ಯೂಟರ್ ಮಾತ್ರ ದಾರಿ ತಪ್ಪುತ್ತಿದ್ದರೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಪ್ರಾಕ್ಸಿ ನೋಡಿ. ಮನೆಯಲ್ಲಿ ಕೈಯಾರೆ ಹಾಕಿದ ಪ್ರಾಕ್ಸಿ (ಸಂಪರ್ಕವನ್ನು ಇನ್ನೊಂದು ಸರ್ವರ್ ಮೂಲಕ ತಿರುಗಿಸುವ ವ್ಯವಸ್ಥೆ) ಇರಬೇಕಾದ ಕಾರಣವೇ ಇಲ್ಲ, ಆಫ್ ಮಾಡಿ. ಡಿಎನ್‌ಎಸ್ ಆಟೋಮ್ಯಾಟಿಕ್‌ಗೆ ತನ್ನಿ. ಕೊನೆಗೆ, ಯಾವ ಸೈಟಿನ ಹೆಸರನ್ನು ಯಾವ ವಿಳಾಸಕ್ಕೆ ಒಯ್ಯಬೇಕೆಂದು ಹೇಳುವ ಹೋಸ್ಟ್ಸ್ ಫೈಲ್: ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂಬ ದಾರಿಯಲ್ಲಿದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ, ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿ. ಆ ಗುರುತಿಲ್ಲದೆ ಆಂಟಿವೈರಸ್ ಕಂಪನಿಯ ಅಥವಾ ಬ್ಯಾಂಕಿನ ಸೈಟಿನ ಹೆಸರು ಕಂಡರೆ ಅದು ಮಾಲ್‌ವೇರಿನ ಕೈಬರಹ.

ಲಕ್ಷಣ: ಆಂಟಿವೈರಸ್ ಅಪ್‌ಡೇಟ್ ಆಗುತ್ತಿಲ್ಲ

ಮೊದಲು ಗಡಿಯಾರ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳೆಲ್ಲ ಅಮಾನ್ಯವಾಗಿ ಕಾಣುತ್ತವೆ, ಅಪ್‌ಡೇಟ್ ಸರ್ವರ್ ಜೊತೆ ಮಾತೇ ನಡೆಯುವುದಿಲ್ಲ. ದಿನಾಂಕ ಸರಿಪಡಿಸಿದ ಮೇಲೂ ಪ್ಲಗ್ ತೆಗೆದು ಹಾಕಿದಾಗಲೆಲ್ಲ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಸಿಆರ್2032. ವಿದ್ಯುತ್ ತಂತಿ ಕಿತ್ತಿಟ್ಟೇ ಬದಲಿಸಬೇಕು. ಲ್ಯಾಪ್‌ಟಾಪ್ ಆದರೆ ರಿಪೇರಿಯವರಿಗೆ ಬಿಡಿ.

ಆಮೇಲೆ ಸಿ ಡ್ರೈವಿನಲ್ಲಿ ಜಾಗ ಇದೆಯೇ, ವೈ-ಫೈ ಸಂಪರ್ಕ ಮೀಟರ್ಡ್ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತಾಗಿದೆಯೇ ನೋಡಿ.

ಇವೆಲ್ಲ ಸರಿಯಿದ್ದರೆ ವಿಂಡೋಸಿನ ಆವೃತ್ತಿ ನೋಡಿ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 10 ಬಳಸುವವರು ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿರದಿದ್ದರೆ ಹೊಸ ತೇಪೆಗಳು (ಭದ್ರತಾ ದೋಷ ಮುಚ್ಚುವ ಅಪ್‌ಡೇಟುಗಳು) ಬರುವುದಿಲ್ಲ. ಆಂಟಿವೈರಸ್ ಎಷ್ಟೇ ಚೆನ್ನಾಗಿದ್ದರೂ ತೇಪೆ ಹಾಕದ ವಿಂಡೋಸಿಗೆ ಅದು ಪರ್ಯಾಯವಲ್ಲ. 2017ರ ಮೇ 12ರಂದು ವಾನ್ನಾಕ್ರೈ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಹರಡಿದ್ದು ಯಾರೂ ಏನೂ ಒತ್ತದೆಯೇ, ನೆಟ್‌ವರ್ಕಿನ ಮೂಲಕ. ಅದು ಬಳಸಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಾಗಿತ್ತು. ದುಡ್ಡು ಒಂದೇ ಕಡೆ ಖರ್ಚು ಮಾಡಲು ಸಾಧ್ಯ ಎಂದಾದರೆ, ಹಳೆಯ ವಿಂಡೋಸಿನ ಮೇಲೆ ದುಬಾರಿ ಆಂಟಿವೈರಸ್ ಹಾಕುವ ಬದಲು ಬೆಂಬಲ ಇರುವ ವಿಂಡೋಸಿಗೆ ಹೋಗಿ.

ಲಕ್ಷಣ: ಒಳ್ಳೆಯ ಫೈಲನ್ನೇ ವೈರಸ್ ಎಂದು ಹಿಡಿಯುತ್ತಿದೆ

ತಪ್ಪು ಗುರುತಿಸುವಿಕೆ ನಿಜವಾಗಿಯೂ ಆಗುತ್ತದೆ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿ ಆಂಟಿವೈರಸ್ಸಿನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅತಿ ಮುಖ್ಯವಾದ ಸಿಸ್ಟಮ್ ಫೈಲನ್ನೇ ವೈರಸ್ ಎಂದು ಹಿಡಿದು ಕಂಪ್ಯೂಟರ್‌ಗಳನ್ನು ನಿಲ್ಲಿಸಿತ್ತು. ಆದರೂ "ಇದು ತಪ್ಪು ಗುರುತು" ಎಂದು ನಂಬುವ ಮುನ್ನ ಫೈಲ್ ಎಲ್ಲಿಂದ ಬಂತು ಕೇಳಿಕೊಳ್ಳಿ. ತಯಾರಕರ ಸೈಟಿನಿಂದ ಬಂದಿದ್ದರೆ ತಪ್ಪು ಗುರುತಾಗಿರುವ ಸಾಧ್ಯತೆ ಇದೆ. ಕ್ರ್ಯಾಕ್, ಕೀಜೆನ್ (ನಕಲಿ ಲೈಸೆನ್ಸ್ ಕೀ ತಯಾರಿಸುವ ಪ್ರೋಗ್ರಾಂ), ಆಟದ ಚೀಟ್ ಆದರೆ "ಆಂಟಿವೈರಸ್ ಆಫ್ ಮಾಡಿ ಓಡಿಸಿ" ಎಂದು ಜೊತೆಗೆ ಬರೆದಿರುವ ಸಲಹೆಯೇ ಸಾಕ್ಷಿ, ಅಳಿಸಿಬಿಡಿ.

ವೈರಸ್‌ಟೋಟಲ್ ಸೈಟಿಗೆ ಫೈಲ್ ಏರಿಸಿದರೆ 70ಕ್ಕೂ ಹೆಚ್ಚು ಎಂಜಿನ್‌ಗಳ ಅಭಿಪ್ರಾಯ ಸಿಗುತ್ತದೆ. ಹೆಸರು ಕೇಳಿರದ ಒಂದೆರಡು ಎಂಜಿನ್ ಮಾತ್ರ ಕೆಂಪು ತೋರಿಸಿದರೆ ತಪ್ಪು ಗುರುತಿರಬಹುದು. ಹತ್ತಾರು ಪ್ರಮುಖ ಎಂಜಿನ್‌ಗಳು ಹೇಳಿದರೆ ವಾದ ಬೇಡ. ಏರಿಸಿದ ಫೈಲುಗಳು ಭದ್ರತಾ ಕಂಪನಿಗಳ ಕೈಗೂ ಸಿಗುತ್ತವೆ, ಹಾಗಾಗಿ ಖಾಸಗಿ ದಾಖಲೆಗಳನ್ನು ಅಲ್ಲಿಗೆ ಹಾಕಬೇಡಿ. ಫೈಲನ್ನು ಬಿಡಲೇಬೇಕಾದರೆ ಪ್ರೊಟೆಕ್ಷನ್ ಹಿಸ್ಟರಿಯಿಂದ ಆ ಒಂದು ಫೈಲನ್ನು ಮಾತ್ರ ಮರಳಿಸಿ. ಫೋಲ್ಡರಿಗೆ ಪೂರ್ತಿ ವಿನಾಯಿತಿ ಕೊಡಬೇಡಿ.

ಲಕ್ಷಣ: ತೆಗೆದ ವೈರಸ್ ಮತ್ತೆ ಬರುತ್ತಿದೆ

ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಪ್ರತಿ ಸಲ ಹಿಡಿದ ಫೈಲಿನ ದಾರಿ ನೋಡಿ. ಅದು ಪೆನ್‌ಡ್ರೈವಿನ ಅಕ್ಷರದಿಂದ ಶುರುವಾದರೆ ಮೂಲ ಪೆನ್‌ಡ್ರೈವ್. ಬ್ರೌಸರಿನ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಆದರೆ ಯಾವುದೋ ಸೈಟ್ ಅಥವಾ ಖಾತೆಯಿಂದ ಸಿಂಕ್ ಆಗಿ ಬರುವ ಎಕ್ಸ್‌ಟೆನ್ಷನ್. ಯಾವಾಗಲೂ ಲಾಗಿನ್ ಆದ ಒಂದೆರಡು ನಿಮಿಷಕ್ಕೇ ಬಂದರೆ ಟಾಸ್ಕ್ ಶೆಡ್ಯೂಲರಿನಲ್ಲಿ ಅಥವಾ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ಮರಳಿ ಎಳೆದು ತರುವ ಕೆಲಸ ಕೂತಿದೆ.

ಈಗ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಓಡುತ್ತಿರುವಾಗ ಮಾಲ್‌ವೇರೂ ಓಡುತ್ತಿರುತ್ತದೆ, ತನ್ನನ್ನು ಬಚ್ಚಿಟ್ಟುಕೊಳ್ಳುತ್ತದೆ. ಆಫ್‌ಲೈನ್ ಸ್ಕ್ಯಾನ್ ವಿಂಡೋಸ್ ಶುರುವಾಗುವ ಮುಂಚೆಯೇ ಹುಡುಕುವುದರಿಂದ ಅದಕ್ಕೆ ಅಡಗಲು ಆಸ್ಪದವಿಲ್ಲ. ತೆರೆದ ಕೆಲಸವೆಲ್ಲ ಸೇವ್ ಮಾಡಿ, ಚಾರ್ಜರ್ ಹಾಕಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಆಫ್‌ಲೈನ್ ಸ್ಕ್ಯಾನ್ ಆರಿಸಿದರೆ ಯಂತ್ರ ತಾನೇ ರೀಸ್ಟಾರ್ಟ್ ಆಗಿ, ಸುಮಾರು 15 ನಿಮಿಷ ಹುಡುಕಿ, ಮತ್ತೆ ವಿಂಡೋಸಿಗೆ ಮರಳುತ್ತದೆ. ಫಲಿತಾಂಶ ಪ್ರೊಟೆಕ್ಷನ್ ಹಿಸ್ಟರಿಯಲ್ಲಿರುತ್ತದೆ. ಇದಾದ ಮೇಲೆ ಒಂದು ಫುಲ್ ಸ್ಕ್ಯಾನ್, ಆಮೇಲೆ ಸೇಫ್ಟಿ ಸ್ಕ್ಯಾನರ್.

ಇಷ್ಟಾದರೂ ಬಂದರೆ ನಿಲ್ಲಿಸಿ. ಹತ್ತು ಉಪಕರಣ ಹುಡುಕಿ ಓಡಿಸುವುದರಲ್ಲಿ ಅರ್ಥವಿಲ್ಲ. ದಾಖಲೆ, ಫೋಟೋಗಳನ್ನು ಮಾತ್ರ ಹೊರಗೆ ತೆಗೆದು, ಪ್ರೋಗ್ರಾಂ ಫೈಲುಗಳನ್ನು ಬಿಟ್ಟು, ಬೇರೆ ಶುದ್ಧ ಕಂಪ್ಯೂಟರಿನಲ್ಲಿ ತಯಾರಿಸಿದ ಯುಎಸ್‌ಬಿಯಿಂದ ವಿಂಡೋಸನ್ನು ಹೊಸದಾಗಿ ಹಾಕುವುದೇ ನಂಬಲು ಅರ್ಹವಾದ ದಾರಿ.

ಲಕ್ಷಣ: ಆಂಟಿವೈರಸ್ ಹಾಕಿದ ಮೇಲೆ ನೀಲಿ ಪರದೆ

ಆಂಟಿವೈರಸ್ಸಿನ ಒಂದು ಭಾಗ ವಿಂಡೋಸಿನ ತಿರುಳಿನಲ್ಲೇ ಓಡುವುದರಿಂದ ಅದರ ತಪ್ಪು ಇಡೀ ಯಂತ್ರವನ್ನು ಬೀಳಿಸಬಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಮನೆಯಲ್ಲಿ ಹೀಗಾದರೆ: ಲಾಗಿನ್ ಪರದೆ ಬಂದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ಯಂತ್ರ ನೀಲಿ ಪರದೆ ಬಾರದೆ ಓಡಿದರೆ ದೋಷ ಹೊಸದಾಗಿ ಸೇರಿದ ಡ್ರೈವರಿನದು. ಆಂಟಿವೈರಸ್ಸಿನ ಸ್ವಂತ ತೆಗೆಯುವ ಉಪಕರಣ ಓಡಿಸಿ. ಸೇಫ್ ಮೋಡಿನಲ್ಲೂ ನೀಲಿ ಪರದೆ ಬಂದರೆ ಮೆಮೊರಿ ಅಥವಾ ಡಿಸ್ಕ್ ಕೆಟ್ಟಿರಬಹುದು, ಅದು ಬೇರೆಯೇ ರಿಪೇರಿ.

ಲಕ್ಷಣ: ಫೈಲುಗಳ ಹೆಸರು ಬದಲಾಗಿದೆ, ಯಾವುದೂ ತೆರೆಯುತ್ತಿಲ್ಲ

ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಚೀಟಿ, ಫೋಟೋಗಳ ಹೆಸರಿನ ಕೊನೆಗೆ ಗುರುತಿಲ್ಲದ ಬಾಲ. ಇದು ರಾನ್ಸಮ್‌ವೇರ್. ಮಿಕ್ಕ ಎಲ್ಲ ಕೆಲಸಕ್ಕಿಂತ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈ-ಫೈ ಆಫ್ ಮಾಡಿ, ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದರೆ ತೆಗೆಯಿರಿ. ಬೇರೆ ಯಂತ್ರದಿಂದ ಕ್ಲೌಡ್ ಸಿಂಕ್ ನಿಲ್ಲಿಸಿ. ಚೀಟಿಯನ್ನೂ ಹಾಳಾದ ಫೈಲುಗಳನ್ನೂ ಅಳಿಸಬೇಡಿ, ಬೀಗ ಯಾವುದೆಂದು ಗುರುತಿಸಲು ಅವೇ ಬೇಕು. ಪರದೆಯ ಫೋಟೋ ತೆಗೆದುಕೊಳ್ಳಿ.

2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ ನೋ ಮೋರ್ ರಾನ್ಸಮ್ ಸೈಟಿನಲ್ಲಿ ಎರಡು ಹಾಳಾದ ಫೈಲ್ ಮತ್ತು ಚೀಟಿ ಏರಿಸಿದರೆ, ಬಿಡಿಸುವ ಉಪಕರಣ ಇದ್ದಲ್ಲಿ ಉಚಿತವಾಗಿ ಸಿಗುತ್ತದೆ. ಎಲ್ಲದಕ್ಕೂ ಇಲ್ಲ. ಮಾಲ್‌ವೇರ್ ತೆಗೆಯದೆ ಬಿಡಿಸಿದರೆ ಮತ್ತೆ ಬೀಗ ಬೀಳುತ್ತದೆ, ಹಾಗಾಗಿ ಶುದ್ಧೀಕರಣ ಮೊದಲು. ಹಣ ಕೊಟ್ಟರೆ ಫೈಲ್ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಇಲ್ಲಿಂದ ಮುಂದೆ ಒಬ್ಬರೇ ಹೋಗಬೇಡಿ: ಸೈಬರ್ ಪೊಲೀಸರಿಗೆ ದೂರು ಕೊಡಿ, ತಿಳಿದ ತಂತ್ರಜ್ಞರನ್ನು ಕರೆಯಿರಿ.

ಇದನ್ನು ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ವಿಂಡೋಸ್ ಸೆಕ್ಯುರಿಟಿಯಲ್ಲೇ ಇದೆ, ಆದರೆ ಮೊದಲಿನಿಂದ ಆಫ್ ಇರುತ್ತದೆ. ಆನ್ ಮಾಡಿದರೆ ಕೆಲವು ಒಳ್ಳೆಯ ಪ್ರೋಗ್ರಾಂಗಳಿಗೂ ಅನುಮತಿ ಕೊಡಬೇಕಾಗುತ್ತದೆ. ಆ ಕಿರಿಕಿರಿ ಸಹಿಸಿಕೊಳ್ಳುವುದು ಲೇಸು. ಬಳಸದಿರುವಾಗ ಕಳಚಿಟ್ಟ ಬ್ಯಾಕಪ್ ಡಿಸ್ಕಿಗೆ ಸಮನಾದ ರಕ್ಷಣೆ ಇನ್ನೊಂದಿಲ್ಲ.

ಲಕ್ಷಣ: ಸ್ಕ್ಯಾನಿನಲ್ಲಿ ಏನೂ ಇಲ್ಲ, ಆದರೆ ಖಾತೆಗಳಲ್ಲಿ ಯಾರೋ ಓಡಾಡಿದ್ದಾರೆ

ಮಾಹಿತಿ ಕದಿಯುವ ಮಾಲ್‌ವೇರ್‌ಗಳಲ್ಲಿ ಕೆಲವು ಬಂದು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕಿಗಳನ್ನು (ನೀವು ಲಾಗಿನ್ ಆಗಿದ್ದೀರೆಂದು ನೆನಪಿಡುವ ಸಣ್ಣ ಮಾಹಿತಿ ತುಣುಕುಗಳನ್ನು) ಕಳಿಸಿ, ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಕದ್ದ ಕುಕಿ ಇದ್ದರೆ ಪಾಸ್‌ವರ್ಡಾಗಲಿ ಒಟಿಪಿಯಾಗಲಿ ಬೇಕಿಲ್ಲ. ಬೇರೆ ಶುದ್ಧ ಸಾಧನದಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು, ಈ ಕ್ರಮದಲ್ಲಿ ಪಾಸ್‌ವರ್ಡ್ ಬದಲಿಸಿ. ಪ್ರತಿ ಕಡೆ "ಎಲ್ಲ ಸಾಧನಗಳಿಂದ ಸೈನ್ ಔಟ್" ಕೊಡಿ. ಇಮೇಲಿನಲ್ಲಿ ನಿಮಗೆ ತಿಳಿಯದ ಫಾರ್ವರ್ಡಿಂಗ್ ನಿಯಮ, ಬದಲಾದ ರಿಕವರಿ ಫೋನ್ ಇದೆಯೇ ನೋಡಿ.

ಹೊಸ ಸಾಫ್ಟ್‌ವೇರ್ ಬೇಕೇ ಬೇಕು ಎಂದಾದರೆ

ಬೆಂಬಲವಿರುವ ವಿಂಡೋಸ್, ತಪ್ಪದ ಅಪ್‌ಡೇಟ್, ಎಚ್ಚರದ ಬಳಕೆ ಇರುವ ಮನೆಗೆ ಡಿಫೆಂಡರ್ ಸಾಕು. ಹಣ ಕೊಡುವುದಕ್ಕೆ ಅರ್ಥವಿರುವುದು ಫೋನ್, ಮ್ಯಾಕ್, ವಿಂಡೋಸ್ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದಾಗ, ಮಕ್ಕಳ ಬಳಕೆಗೆ ಮಿತಿ ಹಾಕಬೇಕಾದಾಗ, ಅಥವಾ ತೊಂದರೆಯಾದಾಗ ಮಾತಾಡಲು ಒಬ್ಬರು ಬೇಕೆನಿಸಿದಾಗ.

ಆರಿಸುವಾಗ ಜಾಹೀರಾತು ಬಿಟ್ಟು ಪರೀಕ್ಷಾಲಯಗಳ ವರದಿ ಓದಿ: ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಸುಲಭತೆಗೆ ತಲಾ 6ರಂತೆ 18 ಅಂಕ ಕೊಡುತ್ತದೆ. ರಕ್ಷಣೆಯಲ್ಲಿ ಮುಂಚೂಣಿಯ ಪ್ರೋಗ್ರಾಂಗಳ ಅಂತರ ಬಹಳ ಕಡಿಮೆ. ಹಾಗಾಗಿ ನಿಮ್ಮ ಯಂತ್ರ ಹಳೆಯದಾದರೆ ವೇಗದ ಅಂಕ, ಅಪರೂಪದ ಪ್ರೋಗ್ರಾಂ ಬಳಸುವವರಾದರೆ ತಪ್ಪು ಗುರುತಿನ ಸಂಖ್ಯೆ ನೋಡಿ ಆರಿಸಿ. ಒಂದೇ ವರದಿ ಸಾಲದು, ಹಿಂದಿನ ಎರಡು ಮೂರು ಸುತ್ತಿನಲ್ಲೂ ಅದೇ ಮಟ್ಟ ಇದೆಯೇ ನೋಡಿ.

ಉಚಿತ ಎಂಬುದಕ್ಕೂ ಬೆಲೆ ಇರಬಹುದು. ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ್ದಕ್ಕೆ, ಉಚಿತ ಆಂಟಿವೈರಸ್ ಕೊಡುವ ಅವಾಸ್ಟ್ 1.65 ಕೋಟಿ ಡಾಲರ್ ಕಟ್ಟಬೇಕೆಂದು 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೇಳಿತು. ಹಾಕುವಾಗಲೇ ಮಾಹಿತಿ ಹಂಚಿಕೆಯ ಆಯ್ಕೆಗಳನ್ನು ಆಫ್ ಮಾಡಿ. ರಿಜಿಸ್ಟ್ರಿ ಕ್ಲೀನರ್, "ವೇಗ ಹೆಚ್ಚಿಸುವ" ಗುಂಡಿಗಳಿಗಾಗಿ ಹೆಚ್ಚು ಹಣ ಕೊಡಬೇಡಿ, ರಿಜಿಸ್ಟ್ರಿ ಕೆಡಿಸುವ ಅಪಾಯ ಅವುಗಳಿಂದ ಹೆಚ್ಚು. ಮೊದಲ ವರ್ಷದ ಬೆಲೆಗೂ ನವೀಕರಣದ ಬೆಲೆಗೂ ಬಹಳ ವ್ಯತ್ಯಾಸ ಇರುವುದುಂಟು, ಕಾರ್ಡ್ ವಿವರ ಕೊಡುವ ಮುನ್ನ ಸ್ವಯಂ ನವೀಕರಣದ ಷರತ್ತು ಓದಿ.

ಹಾಕುವ ಕ್ರಮ ಹೀಗೆ: ಹೊಸದರ ಇನ್‌ಸ್ಟಾಲರ್ ಇಳಿಸಿಟ್ಟುಕೊಳ್ಳಿ, ಹಳೆಯದನ್ನು ತೆಗೆಯಿರಿ, ರೀಸ್ಟಾರ್ಟ್, ಹೊಸದು ಹಾಕಿ, ರೀಸ್ಟಾರ್ಟ್, ಅಪ್‌ಡೇಟ್, ಆಮೇಲೆ ಫುಲ್ ಸ್ಕ್ಯಾನ್. ನಿಜವಾಗಿ ಕೆಲಸ ಮಾಡುತ್ತಿದೆಯೇ ತಿಳಿಯಲು ಐಕಾರ್ ಸಂಸ್ಥೆಯ ಸೈಟಿನಲ್ಲಿ ಪರೀಕ್ಷಾ ಫೈಲ್ ಸಿಗುತ್ತದೆ. ಬರೀ 68 ಅಕ್ಷರಗಳ ನಿರಪಾಯಕಾರಿ ಫೈಲದು, ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಇಳಿಸುತ್ತಿದ್ದಂತೆ ಹಿಡಿದರೆ ರಿಯಲ್-ಟೈಮ್ ಕಾವಲು ಎಚ್ಚರವಾಗಿದೆ. ಜಿಪ್ ಒಳಗಿದ್ದಾಗ ಬಿಟ್ಟು, ಬಿಚ್ಚಿದ ಕೂಡಲೇ ಹಿಡಿದರೂ ಚಿಂತೆಯಿಲ್ಲ. ಬಿಚ್ಚಿ ತೆರೆದ ಮೇಲೂ ಸುಮ್ಮನಿದ್ದರೆ ಲೈಸೆನ್ಸ್ ಚಾಲೂ ಆಗಿದೆಯೇ, ಎಕ್ಸ್‌ಕ್ಲೂಷನ್ಸ್ ಪಟ್ಟಿ ಖಾಲಿ ಇದೆಯೇ ನೋಡಿ, ಪ್ರೋಗ್ರಾಂ ತೆಗೆದು ಮತ್ತೆ ಹಾಕಿ. ಆಗಲೂ ಹಿಡಿಯದಿದ್ದರೆ ಹಣ ವಾಪಸು ಪಡೆಯುವ ಅವಧಿ ಮುಗಿಯುವುದರೊಳಗೆ ತಯಾರಕರಿಗೆ ತಿಳಿಸಿ.